ಪಡಸಾಲೆಯ ಗ್ರಾಫು

ನಮ್ಮ ಮನೆಯಲ್ಲಿ ದಣಿಯದವರು ಯಾರೂ ಇರಲಿಲ್ಲ. ಅಜ್ಜಿ ವಯಸ್ಸಿಗೆ ದಣಿದಿದ್ದಳು, ಅವ್ವ ನೀರು ಹೊತ್ತು ದಣಿದಿದ್ದಳು, ಅಪ್ಪ ಬಸ್ಸಿನಲ್ಲಿ ತಿರುಗಿ ದಣಿದಿದ್ದ. ನಾನು ಆಗಿನ್ನೂ ಪಿಯುಸಿ ಓದುವ ಹುಡುಗಿ, ದಣಿಯುವ ವಯಸ್ಸಲ್ಲ. ಆದರೆ ದಣಿದವರ ನಡುವೆ ಬೆಳೆದರೆ ಅದು ತಾನಾಗಿಯೇ ಅಂಟಿಕೊಳ್ಳುತ್ತದೆ. ಸತ್ಯನಾರಾಯಣಪೇಟೆಯ ಆ ಮನೆಗೆ ಮುಂದೊಂದು ಕಟ್ಟೆ, ಕಟ್ಟೆ ದಾಟಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಮಗ್ಗುಲಲ್ಲಿ ಅಜ್ಜಿ ಲಿಂಗಪೂಜೆ ಮಾಡಿಕೊಳ್ಳುವ ಸಣ್ಣ ಕೋಣೆ. ಅಷ್ಟೇ. ಬೇಸಿಗೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುವಂತಿರಲಿಲ್ಲ; ಹಗಲೆಲ್ಲ ಕಾದ ಬಳ್ಳಾರಿಯ ಗುಡ್ಡ ಸಂಜೆಯಾದ ಮೇಲೆ ತನ್ನ ಬಿಸಿಯನ್ನೆಲ್ಲ ನಮ್ಮ ಮೇಲೆ ಉಗುಳುತ್ತಿತ್ತು. ತಂಪಾಗಿದ್ದದ್ದು ಪಡಸಾಲೆಯ ನೆಲವೊಂದೇ. ಕರಿ ಕಡಪ ಕಲ್ಲಿನ ಹಾಸು. ಅವ್ವ ಒರೆಸಿ ಒರೆಸಿ ನುಣ್ಣಗಾಗಿತ್ತು. ಮಲಗುವುದು, ಉಣ್ಣುವುದು, ಅಕ್ಕಿ ಆರಿಸುವುದು, ಜಗಳಾಡುವುದು, ಎಲ್ಲ ಅದರ ಮೇಲೆಯೇ. ನಾನು ಗಣಿತ ಕಲಿತದ್ದೂ, ಕಲಿಸಿದ್ದೂ ಅದರ ಮೇಲೆಯೇ.

ಅಪ್ಪ ಸಿರುಗುಪ್ಪದ ಕಡೆ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ವಾರವೆಲ್ಲ ಅಲ್ಲೇ ಒಂದು ಖೋಲಿಯಲ್ಲಿದ್ದು, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕುರುಗೋಡಿನ ಮೇಲಿಂದ ಬರುವ ಬಸ್ಸು ಹಿಡಿದು ಸಂಜೆಗೆ ಮನೆ ಸೇರುತ್ತಿದ್ದ. ಬಂದವನೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಒಂದು ಚೊಂಬು ನೀರು ಗಟಗಟ ಕುಡಿದು, ಪಡಸಾಲೆಯಲ್ಲಿ ಅಂಗಾತ ಬಿದ್ದುಕೊಳ್ಳುತ್ತಿದ್ದ. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು, ಪಾತ್ರೆ ಸದ್ದಾಗಬಾರದು. ಅರ್ಧ ತಾಸಿನ ಮೇಲೆ ಎದ್ದು ಕೂತು ಚೀಲದಿಂದ ಗಣಿತದ ಪುಸ್ತಕ ತೆಗೆಯುತ್ತಿದ್ದ. ಅಪ್ಪ ಖಾಸಗಿಯಾಗಿ ಪಿಯುಸಿ ಕಟ್ಟಿದ್ದ. ಉಳಿದ ವಿಷಯಗಳೆಲ್ಲ ಹೇಗೋ ದಾಟಿದ್ದವು. ಗಣಿತ ಮಾತ್ರ ವರ್ಷ ವರ್ಷವೂ ಅಡ್ಡಗಾಲು ಹಾಕುತ್ತಿತ್ತು. ಅದೊಂದು ದಾಟಿದರೆ ಮುಂದೆ ಡಿಗ್ರಿ, ಡಿಗ್ರಿಯಾದರೆ ಹೈಸ್ಕೂಲು, ಹೈಸ್ಕೂಲಾದರೆ ಬಳ್ಳಾರಿಗೇ ವರ್ಗ. ಅವನ ಆಸೆ ಇಷ್ಟೇ, ದಿನಾ ಸಂಜೆ ಮನೆಗೆ ಬರಬೇಕು. ಪ್ರತಿ ಬೇಸಿಗೆಯಲ್ಲೂ ಫಲಿತಾಂಶ ಬಂದು, ರಜೆ ಮುಗಿದು ಶಾಲೆ ತೆರೆದಾಗ ಶಾಲೆಯ ಉಳಿದ ಮಾಸ್ತರುಗಳು ಅವನನ್ನು ಹಿಡಿದು ಆಡಿಸುತ್ತಿದ್ದರಂತೆ. ಒಬ್ಬ ಹೆಡ್‌ಮಾಸ್ತರಂತೂ ಎರಡನೇ ಈಯತ್ತೆಯ ಹುಡುಗರ ಎದುರಿಗೇ, "ಏನ್ ಪಂಪಣ್ಣ ಮಾಸ್ತರ, ಈ ಸಲಾನೂ ಅದ ಕ್ಲಾಸಿನ್ಯಾಗ ಕುಂದ್ರತೀರೇನು?" ಅಂದನಂತೆ. ಅಪ್ಪ ಇದನ್ನು ಅವ್ವನಿಗೆ ಹೇಳುವಾಗ ನಗುತ್ತಲೇ ಹೇಳಿದ. ಅಂಥ ನಗೆ ನೋಡುವುದಕ್ಕಿಂತ ಅಳು ನೋಡುವುದು ಎಷ್ಟೋ ವಾಸಿ.

ನಾನು ಪಿಯುಸಿ ಎರಡನೇ ವರ್ಷಕ್ಕೆ ಬಂದಾಗ ಒಂದು ಪೇಚಾಟ ಶುರುವಾಯಿತು. ಅಪ್ಪನ ಪುಸ್ತಕ ನನ್ನ ಪುಸ್ತಕ ಒಂದೇ. ಅಪ್ಪನ ಪರೀಕ್ಷೆ ನನ್ನ ಪರೀಕ್ಷೆ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ. ಮೊದಮೊದಲು ನಾವಿಬ್ಬರೂ ಇದನ್ನು ಗಮನಿಸದವರ ಹಾಗೆ ಇದ್ದೆವು. ಅವನು ಒಂದು ಮೂಲೆಯಲ್ಲಿ, ನಾನು ಇನ್ನೊಂದು ಮೂಲೆಯಲ್ಲಿ. ಆದರೆ ಅಸಮತೆಗಳ ಪಾಠಕ್ಕೆ ಬಂದಾಗ ಅಪ್ಪ ಒಂದು ಭಾನುವಾರವಿಡೀ ಒಂದೇ ಲೆಕ್ಕದ ಮೇಲೆ ಕೂತು, ಪೆನ್ಸಿಲನ್ನು ಕಲ್ಲಿನ ಮೇಲೆ ಕುಕ್ಕಿದ. ಒಂದು ಬಹುಪದಿ ಸೊನ್ನೆಗಿಂತ ಕಡಿಮೆ ಯಾವಾಗ, ಹೆಚ್ಚು ಯಾವಾಗ ಅಂತ ಕಂಡುಹಿಡಿಯುವ ಲೆಕ್ಕ ಅದು. ಅಪ್ಪನ ರೀತಿ ಹಳೆಯದು: ಇದು ಧನ ಆದರೆ ಅದು ಋಣ, ಇದು ಋಣ ಆದರೆ ಅದು ಧನ ಅಂತ ಪುಟಗಟ್ಟಲೆ ಬರೆಯುತ್ತ ಹೋಗುವುದು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಎಲ್ಲೋ ಒಂದು ಕಡೆ ಚಿಹ್ನೆ ತಪ್ಪಿ ಹೋಗಿರುತ್ತಿತ್ತು. ನಮ್ಮ ಕಾಲೇಜಿನ ಲೆಕ್ಚರರ್ ಆ ವಾರವಷ್ಟೇ ಅದನ್ನು ಗ್ರಾಫು ಬರೆದು ಬಿಡಿಸುವುದು ಹೇಳಿಕೊಟ್ಟಿದ್ದರು. ನಾನು ಅಳುಕುತ್ತಲೇ ಅಂದೆ:

"ಅಪ್ಪಾ, ಚಿತ್ರಾ ಬರದ್ರ ಲಗೂ ಆಗತೈತ್ರಿ."

"ಚಿತ್ರಾ ಬರಿಯಾಕ ಇದೇನು ಡ್ರಾಯಿಂಗ್ ಪರೀಕ್ಷಾನ? ಸುಮ್ಮನ ಓದಿಕೋ ಹೋಗು."

ಸುಮ್ಮನೆ ಓದಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವನೇ, ನನ್ನ ಕಡೆ ನೋಡದೆ, ಅಂಗಿಯ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ನನ್ನತ್ತ ಉರುಳಿಸಿದ. ಮಾಸ್ತರರ ಜೇಬು ಅಂದಮೇಲೆ ಸೀಮೆಸುಣ್ಣ ಇದ್ದೇ ಇರುತ್ತಿತ್ತು. ನಾನು ನೆಲದ ಮೇಲೆ ಬರೆದೆ. ಎರಡು ಕಲ್ಲುಗಳ ನಡುವಿನ ಸಂದೇ ಅಡ್ಡಗೆರೆ. ಬಹುಪದಿ ಎಲ್ಲೆಲ್ಲಿ ಸೊನ್ನೆಯಾಗುತ್ತದೋ ಆ ಜಾಗಗಳಿಗೆ ಸಂದಿನ ಮೇಲೆ ಚುಕ್ಕೆ. ಆ ಚುಕ್ಕೆಗಳ ಮೂಲಕ ಏರಿಳಿಯುವ ಗೆರೆ. ಗೆರೆ ಸಂದಿನ ಮೇಲುಗಡೆ ಇರುವಲ್ಲೆಲ್ಲ ಸೊನ್ನೆಗಿಂತ ಹೆಚ್ಚು, ಕೆಳಗಡೆ ಇರುವಲ್ಲೆಲ್ಲ ಸೊನ್ನೆಗಿಂತ ಕಡಿಮೆ. ಅಷ್ಟೇ ಉತ್ತರ, ನೋಡಿ ಓದಿಬಿಡುವುದು. ಅಪ್ಪ ಬಗ್ಗಿ ನೋಡಿದ. ಆಮೇಲೆ ಮಂಡಿಯೂರಿ ನೋಡಿದ. "ಥತ್ ಇದರ!" ಅಂದ. ಅವತ್ತಿನಿಂದ ನಮ್ಮ ಪಡಸಾಲೆ ಹೋಯಿತು.

ಹೋಯಿತು ಅಂದರೆ ನಡೆದಾಡಲು ಇಲ್ಲದಂತಾಯಿತು. ಶನಿವಾರ ಸಂಜೆಯಿಂದ ಭಾನುವಾರ ಮಲಗುವ ತನಕ ನೆಲದ ತುಂಬ ಗ್ರಾಫು. ಬರೆದದ್ದನ್ನು ತುಳಿಯಬಾರದು, ದಾಟಬಾರದು ಎಂಬುದು ಅಜ್ಜಿಯದೇ ಕಟ್ಟುನಿಟ್ಟು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳದೆ ನಮ್ಮನ್ನು ಬಿಡುತ್ತಿರಲಿಲ್ಲ. ಈಗ ಆ ಕಟ್ಟುನಿಟ್ಟು ಅವಳ ಕೊರಳಿಗೇ ಬಂತು. ಪೂಜೆಯ ಕೋಣೆಯಿಂದ ಅಡುಗೆಮನೆಗೆ ಬರಲು ಅವಳು ಸೆರಗು ಎತ್ತಿ ಹಿಡಿದು, ಗೋಡೆಗೆ ಅಂಟಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಿದ್ದಳು, ಬಾಯಲ್ಲಿ ಬೈಗುಳ ನಿಲ್ಲುತ್ತಿರಲಿಲ್ಲ.

"ಇದೇನು ಮನಿಯೋ ಸರ್ಕಸ್ಸೋ? ಎಲ್ಲಿ ನೋಡಿದ್ರೂ ಹಾವು ಹರದಂಗ ಬರದೀರಿ. ನಾ ಬಿದ್ದು ಸೊಂಟಾ ಮುರಕೊಂಡ್ರ ನಿಮ್ಮ ಗಣಿತ ಬಂದು ಎಬ್ಬಸತೈತೇನು?"

ಅವ್ವ ಮಾತ್ರ ಏನೂ ಅನ್ನುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಅಪ್ಪ ಮೊದಲ ಬಸ್ಸಿಗೆ ಹೋದ ಮೇಲೆ ಬೀದಿ ನಳದಿಂದ ತಂದ ನೀರಿನಲ್ಲಿ ಎಲ್ಲವನ್ನೂ ಒರೆಸಿ ಹಾಕುತ್ತಿದ್ದಳು. ಒಮ್ಮೆ ನಾನು ಹುರುಪಿನಿಂದ ಅವಳಿಗೂ ಹೇಳಿಕೊಡಲು ಹೋದೆ. ಅವ್ವಾ ನೋಡಿಲ್ಲಿ, ಗೆರೆ ಕೆಳಗೆ ಇಳಿಯಿತಲ್ಲ, ಹಾಗಂದರೆ ಏನು ಗೊತ್ತಾ ಅಂದೆ. ಬಾದನಹಟ್ಟಿಯ ಒಕ್ಕಲು ಮನೆಯಿಂದ ಬಂದ ನನ್ನ ಅವ್ವ ಒದ್ದೆ ಬಟ್ಟೆ ಹಿಂಡುತ್ತ, "ನನಗ್ಯಾಕ ಹೇಳ್ತೀ ತಾಯಿ? ಎತ್ತು ಕಾಲು, ಒರಸ್ತೀನಿ" ಅಂದಳು. ಅವಳಿಗೆ ಅದರಲ್ಲಿ ಒಂದಿಷ್ಟೂ ಆಸಕ್ತಿ ಇರಲಿಲ್ಲ. ಕೊನೆಯವರೆಗೂ ಇರಲಿಲ್ಲ.

ಅಪ್ಪ ನಿಜವಾಗಿ ಎಲ್ಲಿ ಎಡವುತ್ತಿದ್ದ ಎಂಬುದು ಗೊತ್ತಾದದ್ದು ಸಂಕ್ರಾಂತಿ ಕಳೆದ ಮೇಲೆ. ಲೆಕ್ಕ ಇದು: ಎಕ್ಸ್‌ನಿಂದ ಒಂದು ಕಳೆದು ವರ್ಗ ಮಾಡಬೇಕು; ಅದನ್ನು, ಎಕ್ಸ್‌ನಿಂದ ಮೂರು ಕಳೆದದ್ದರಿಂದ ಗುಣಿಸಬೇಕು; ಇದು ಸೊನ್ನೆಗಿಂತ ಕಡಿಮೆ ಎಲ್ಲಿ? ಅಪ್ಪ ಒಂದರ ಹತ್ತಿರ, ಮೂರರ ಹತ್ತಿರ ಚುಕ್ಕೆ ಇಟ್ಟ. ಬಲಗಡೆಯಿಂದ ಶುರು ಮಾಡಿ ಮೇಲೆ, ಕೆಳಗೆ, ಮೇಲೆ ಅಂತ ಗೆರೆ ಎಳೆದ. ಒಂದರಿಂದ ಮೂರರ ನಡುವೆ ಮಾತ್ರ ಕಡಿಮೆ ಅಂತ ಬರೆದು, ಮುಗಿಯಿತು ಅಂತ ಕೈ ಜಾಡಿಸಿದ. ನಾನು ತಲೆಯಾಡಿಸಿದೆ.

"ಅಲ್ಲರಿ. ಒಂದರ ಹತ್ರ ಗೆರಿ ದಾಟೂದಿಲ್ಲ. ಮುಟ್ಟಿ ವಾಪಸ್ ಕೆಳಗ ಬರತೈತಿ."

"ಯಾಕ ದಾಟೂದಿಲ್ಲ? ಚುಕ್ಕಿ ಬಂತಂದ್ರ ದಾಟ್ಲೇಬೇಕು. ನಾ ಈ ಲೆಕ್ಕಾ ನಿನಗಿಂತ ಹೆಚ್ಚ ಸಲ ಮಾಡೀನಿ."

"ವರ್ಗ ಐತಲ್ರಿ ಅಲ್ಲಿ. ಸೊನ್ನಿ ಹಾಕಿ ನೋಡ್ರಿ ಬೇಕಾದ್ರ."

ಅಪ್ಪ ಸೊನ್ನೆ ಹಾಕಿದ. ಸೊನ್ನೆಯಿಂದ ಒಂದು ಕಳೆದರೆ ಋಣ ಒಂದು, ಅದರ ವರ್ಗ ಒಂದು. ಸೊನ್ನೆಯಿಂದ ಮೂರು ಕಳೆದರೆ ಋಣ ಮೂರು. ಗುಣಿಸಿದರೆ ಋಣ ಮೂರು. ಅವನು ಮೇಲೆ ಎಳೆದಿದ್ದ ಕಡೆ ಗೆರೆ ಕೆಳಗಿರಬೇಕಿತ್ತು. ಮೂರಕ್ಕಿಂತ ಕಡಿಮೆ ಇರುವುದೆಲ್ಲ ಉತ್ತರವೇ, ಒಂದು ಎಂಬ ಒಂದೇ ಜಾಗ ಬಿಟ್ಟು. ಅಪ್ಪ ತಾನೆಳೆದ ಗೆರೆಯನ್ನು ಅಂಗೈಯಿಂದ ಒರೆಸಿದ. ಆಮೇಲೆ ಯಾರಿಗೋ ಹೇಳುವಂತೆ ಅಂದ:

"ಇಷ್ಟು ವರ್ಷ ಎಲ್ಲಾ ಕಡೆ ದಾಟಿಸಿಗೋತ ಬಂದೆ."

ನನಗೆ ಗೆದ್ದ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಪ್ಪನ ಬೆನ್ನು, ಬನಿಯನ್ನಿನ ತೂತು, ಬೆವರಿಗೆ ಅಂಟಿದ ಸೀಮೆಸುಣ್ಣದ ಪುಡಿ ನೋಡುತ್ತ ಕೂತೆ. ಆ ಭಾನುವಾರದಿಂದ ಅವನು ಮುಚ್ಚುಮರೆ ಬಿಟ್ಟು ನನ್ನ ಶಿಷ್ಯನಾದ. ಅವನಿಗೆ ಬಾರದ ಪಾಠಗಳನ್ನೇ ನಾನು ವಾರವೆಲ್ಲ ಓದಿ ಇಟ್ಟುಕೊಳ್ಳುತ್ತಿದ್ದೆ, ಶನಿವಾರ ಹೇಳಿಕೊಡಲು. ತನಗೆ ಬರುತ್ತದೆ ಎಂದು ಅವನು ಹೇಳಿದ ಪಾಠಗಳ ಕಡೆ ತಿರುಗಿಯೂ ನೋಡಲಿಲ್ಲ. ಗಿರಿಜೆಗೆ, ಅಂದರೆ ನನಗೆ, ಗಣಿತ ನೀರು ಕುಡಿದಂತೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿಬಿಟ್ಟಿದ್ದೆ.

ಇದೆಲ್ಲ ಅಜ್ಜಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ, ಅಪ್ಪ ಊರಲ್ಲಿಲ್ಲದ ದಿನ, ಶೇಂಗಾ ಸುಲಿಯುತ್ತ ನನ್ನನ್ನು ಹತ್ತಿರ ಕೂರಿಸಿಕೊಂಡಳು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಗಿರಿಜಿ, ಒಂದು ಮಾತು ಕೇಳ್ತೀ? ಈ ವರ್ಷ ನೀ ಗಣಿತದ್ದೊಂದು ಬರೀಬ್ಯಾಡ."

"ಯಾಕಜ್ಜೀ?"

"ನೀ ಪಾಸಾಗಿ ಅಂವ ಆಗ್ಲಿಲ್ಲಂದ್ರ ನನ್ನ ಮಗ ಹೆಂಗ ತಲಿ ಎತ್ತಿ ತಿರುಗ್ಯಾನು? ಮೊದಲ ಆ ಮಂದಿ ನಗತಾರ. ಮಗಳ ಮುಂದ ಸೋತ ಅಂತ ಗೊತ್ತಾದ್ರ ಮುಗೀತು. ನಿನಗೇನು, ಸಣ್ಣಾಕಿ ಅದಿ. ಮುಂದಿನ ಸಲ ಬರದ್ರಾತು. ಅವತ್ತ ಹೊಟ್ಟಿ ನೋವು ಅಂತ ಮಲಕ್ಕೋ."

ಕೇಳಿದರೆ ಕ್ರೂರವಾಗಿದೆ, ಅಲ್ಲವೇ? ಆದರೆ ಆಗ ನನಗೆ ಹಾಗೆ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನಿಗಿಂತ ಮುಂಚೆ ಯಾರೂ ಏನೂ ಮಾಡುತ್ತಿರಲಿಲ್ಲ. ಅವನು ಉಣ್ಣದೆ ಯಾರೂ ಉಣ್ಣುವಂತಿಲ್ಲ. ಮೂರು ಕಾಲಿನ ಅಡ್ಡಣಿಗೆಯ ಮೇಲೆ ಅವನ ಗಂಗಾಳ ಇಟ್ಟು ಬಡಿಸಿ, ಅವನು ಕೈ ತೊಳೆದ ಮೇಲೆ ಅಜ್ಜಿ, ಆಮೇಲೆ ನಾನು, ಎಲ್ಲ ಮುಗಿದ ಮೇಲೆ ಅವ್ವ. ಅವನಿಲ್ಲದ ದಿನಗಳಲ್ಲೂ ಒಂದು ತುತ್ತು ತೆಗೆದಿಟ್ಟೇ ಉಣ್ಣುತ್ತಿದ್ದೆವು. ಅಂಥ ಮನೆಯಲ್ಲಿ ಪರೀಕ್ಷೆ ಮಾತ್ರ ಅಪ್ಪನಿಗಿಂತ ಮೊದಲು ಹೇಗೆ ಪಾಸಾಗುವುದು? ಅದೂ ಅಲ್ಲದೆ ನಿಜ ಹೇಳುತ್ತೇನೆ, ನನಗೂ ಸಾಕಾಗಿತ್ತು. ಒಂದು ವರ್ಷ ತಡವಾದರೆ ಆಗಲಿ ಅನ್ನಿಸಿತ್ತು. ನಾನೂ ಒಂದು ಹಿಡಿ ಶೇಂಗಾ ತೆಗೆದು ಸುಲಿಯತೊಡಗಿದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತು, ಮತ್ತೆ ಶುರುವಾಯಿತು.

ಪರೀಕ್ಷೆಯ ದಿನ ಬೆಳಗಾಯಿತು. ನಾನು ಚಾಪೆಯ ಮೇಲೆ ಮುಸುಕು ಹಾಕಿಕೊಂಡು ಗೋಡೆ ಕಡೆ ಮುಖ ಮಾಡಿ ಬಿದ್ದಿದ್ದೆ. ಅಜ್ಜಿ ಪೂಜೆಗೆ ಕೂತಿದ್ದಳು, ಅಪ್ಪ ಬಚ್ಚಲಲ್ಲಿದ್ದ. ಅವ್ವ ಬಂದು ಮುಸುಕು ಎಳೆದಳು.

"ಏಳು. ಮುಖಾ ತೊಳಕೋ. ಉಂಡು ಹೋಗು."

"ಹೊಟ್ಟಿ ನೋವು ಅವ್ವಾ."

"ನಿನ್ನ ಹೊಟ್ಟಿ ನನಗ ಗೊತ್ತೈತಿ. ಏಳು ಅಂದೆ."

ಎದ್ದು ಬಂದು ನೋಡಿದರೆ ಅಡುಗೆಮನೆಯಲ್ಲಿ ಅಪ್ಪನ ಅಡ್ಡಣಿಗೆ ಇಟ್ಟಿದ್ದಾಳೆ, ಗಂಗಾಳಕ್ಕೆ ಬಿಸಿ ಮಂಡಕ್ಕಿ ಒಗ್ಗಾಣಿ ಹಾಕಿದ್ದಾಳೆ, ನನ್ನನ್ನು ಅದರ ಮುಂದೆ ಕೂರು ಎನ್ನುತ್ತಿದ್ದಾಳೆ. ನಾನು ಕೂರಲಿಲ್ಲ, ಭುಜ ಹಿಡಿದು ಅದುಮಿ ಕೂರಿಸಿದಳು. ವಿಭೂತಿ ಹಚ್ಚಿಕೊಂಡು ಹೊರಬಂದ ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯ ಶಿವನೇ! ಇದೇನು ನಡಸೀಯೇ? ಗಂಡ ಇನ್ನಾ ಉಂಡಿಲ್ಲ, ಮಗಳಿಗೆ ಅಡ್ಡಣಿಗಿ ಹಾಕೀಯಲ್ಲ!"

"ಆಕಿದೂ ಪರೀಕ್ಷಾ ಐತ್ರಿ ಅತ್ತಿ," ಅಂದಳು ಅವ್ವ. ಅಷ್ಟೇ ಅಂದಳು. ಧ್ವನಿ ಏರಿಸಲಿಲ್ಲ. ಅತ್ತೆಗೆ ಎದುರಾಡಿದ ಅವ್ವನನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟರಲ್ಲಿ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ. ಅಡ್ಡಣಿಗೆ ನೋಡಿದ, ನನ್ನನ್ನು ನೋಡಿದ, ಅಜ್ಜಿ ಅವ್ವ ಇಬ್ಬರನ್ನೂ ನೋಡಿದ. ನಾನು ಏಳಲು ಹೋದೆ. ಅವನು ನನ್ನ ಮಗ್ಗುಲಲ್ಲಿ ಬರಿ ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತು, "ನನಗೂ ಹಾಕಿಬಿಡು, ಹೊತ್ತಾಗತೈತಿ" ಅಂದ. ಅಜ್ಜಿ ನನಗೆ ಹೇಳಿದ್ದ ಮಾತು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು.

ಪ್ರಶ್ನೆಪತ್ರಿಕೆ ಕೈಗೆ ಬಂತು. ಗೆರೆ ಮುಟ್ಟಿ ಹಿಂದಿರುಗುವ ಲೆಕ್ಕವೇ ಇತ್ತು, ಅಂಕಿ ಬೇರೆ ಅಷ್ಟೇ. ಗ್ರಾಫು ಬರೆದು ಕಣ್ಣುಮುಚ್ಚಿ ಉತ್ತರ ಬರೆದೆ. ಆಮೇಲೆ ಪುಟ ತಿರುಗಿಸಿದೆ. ತ್ರಿಕೋನಮಿತಿ. ಶ್ರೇಢಿಗಳು. ಅಪ್ಪನಿಗೆ ಬರುತ್ತಿದ್ದ ಪಾಠಗಳು, ನಾನು ತೆರೆದೇ ನೋಡದ ಪಾಠಗಳು. ಒಂದೊಂದೇ ಪ್ರಶ್ನೆ ಓದುತ್ತ ಹೋದೆ, ಯಾವುದೂ ಬರಲಿಲ್ಲ. ಉಳಿದ ಹೊತ್ತೆಲ್ಲ ಮುಂದಿನ ಹುಡುಗಿಯ ಜಡೆ ನೋಡುತ್ತ ಕೂತೆ. ಹೊರಗೆ ಬಂದರೆ ಅಪ್ಪ ಸುಡುಬಿಸಿಲಲ್ಲಿ ಗೇಟಿನ ಹತ್ತಿರ ನಿಂತಿದ್ದ. ತನ್ನ ಪರೀಕ್ಷೆ ಮುಗಿದ ತಕ್ಷಣ ಊರಿನ ಆ ಕಡೆಯಿಂದ ನಡೆದುಕೊಂಡೇ ಬಂದಿದ್ದ.

"ಬಂದಿತ್ತಲ್ಲ! ಮುಟ್ಟಿ ವಾಪಸ್ ಬರೂದು! ಬರೋಬ್ಬರಿ ಹಾಕಿದೆ ನೋಡು ಗ್ರಾಫು!"

ದಾರಿಯುದ್ದಕ್ಕೂ ಹುಡುಗನ ಹಾಗೆ ಮಾತಾಡಿದ. ಪೇಟೆಯಲ್ಲಿ ನಿಲ್ಲಿಸಿ ಸೋಡಾ ಕುಡಿಸಿದ. ಅವನ ಆ ಮುಖಕ್ಕೆ ನನ್ನ ಸುದ್ದಿ ಹೇಳಲು ನನ್ನಿಂದ ಆಗಲಿಲ್ಲ. ಸಂಜೆ ಅವ್ವನಿಗೆ ಹೇಳಿದೆ. ಅವಳು ಪಾತ್ರೆ ಬೆಳಗುವುದನ್ನು ನಿಲ್ಲಿಸದೆ, "ಆತು ಬಿಡು. ಬರದು ಬಂದೆಲ್ಲ" ಅಂದಳು.

ಫಲಿತಾಂಶದ ನಂಬರುಗಳು ಪೇಪರಿನಲ್ಲಿ ಬಂದಾಗ ಬೇಸಿಗೆ ರಜೆ. ಅಪ್ಪ ಮನೆಯಲ್ಲೇ ಇದ್ದ. ಪೇಪರು ತಂದು ನೆಲದ ಮೇಲೆ ಹಾಸಿ, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಹುಡುಕಿದ. ಒಂದು ಕಡೆ ಬೆರಳು ನಿಂತಿತು. ಅಜ್ಜಿ, "ಏನಾತೋ?" ಅಂದಳು. "ಐತಿ ಬೇ. ನಂದು ಐತಿ" ಅಂದ, ನಂಬಿಕೆಯಿಲ್ಲದವನ ಹಾಗೆ. ಅಜ್ಜಿ ಹೋ ಅಂತ ಅತ್ತು, ಸಕ್ಕರೆ ಡಬ್ಬಿಗೆ ಓಡಿದಳು. ಅಪ್ಪ ಸಕ್ಕರೆಗೆ ಬಾಯಿ ತೆರೆಯಲಿಲ್ಲ.

"ತಡಿ ಬೇ. ಗಿರಿಜಿ, ನಿನ್ನ ನಂಬರ್ ಹೇಳು."

ಹೇಳಿದೆ. ಅವನು ಹುಡುಕಿದ. ಮತ್ತೆ ಮೇಲಿನಿಂದ ಹುಡುಕಿದ. ಪೇಪರು ಮಗುಚಿ ಬೇರೆ ಊರಿನ ನಂಬರುಗಳಲ್ಲೂ ಹುಡುಕಿದ. "ಪೇಪರ್‌ನವರು ಬಿಟ್ಟಿರಬೇಕು" ಅಂದ. ಇಲ್ಲ ಎಂದು ಗೊತ್ತಿದ್ದ ನಾವಿಬ್ಬರೂ, ನಾನು ಮತ್ತು ಅವ್ವ, ನಿಂತು ನೋಡಿದೆವು. ಕಡೆಗೆ ಅವ್ವನೇ ಬಾಯಿಬಿಟ್ಟಳು.

"ಸಾಕು ಬಿಡ್ರಿ. ಇಲ್ಲ ಅದು. ನಿಮ್ಮ ಪಾಠಾ ಓದಿಗೋತ ಕುಂತು ತನ್ನ ಪಾಠಾ ಬಿಟ್ಟಿದ್ಲು."

ಅಪ್ಪ ಕನ್ನಡಕ ತೆಗೆದು ಕೆಳಗಿಟ್ಟ. ಅಜ್ಜಿ ಸಕ್ಕರೆ ಹಿಡಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಳು. ಆಮೇಲೆ ಅದನ್ನು ಡಬ್ಬಿಗೇ ವಾಪಸು ಸುರಿದು ಒಳಗೆ ಹೋಗಿ ಕೂತಳು. ಅವತ್ತು ಉಣ್ಣಲಿಲ್ಲ. ಯಾರೂ ಯಾರನ್ನೂ ಬೈಯಲಿಲ್ಲ, ಅದೇ ಸಂಕಟ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಮಳೆಗಾಲ ಹೇಗೋ ಕಳೆಯಿತು. ಶನಿವಾರ ಬಂದ ಅಪ್ಪ ಈಗ ಮಲಗುತ್ತಲೂ ಇರಲಿಲ್ಲ. ನೀರು ಕುಡಿದು ನನ್ನ ಎದುರಿಗೆ ಕೂರುತ್ತಿದ್ದ. ತ್ರಿಕೋನಮಿತಿ ಹೇಳಿಕೊಡುವಾಗ ಕೂಗಾಡುತ್ತಿದ್ದ, ನಾನೂ ಕೂಗಾಡುತ್ತಿದ್ದೆ. ನವರಾತ್ರಿಯ ಆಸುಪಾಸಿಗೆ ನಡೆದ ಮರುಪರೀಕ್ಷೆಯಲ್ಲಿ ನಾನು ದಾಟಿದೆ. ಅಂಥ ಸಂಭ್ರಮವೇನೂ ಆಗಲಿಲ್ಲ. ಕೆಮ್ಮು ಬಿಟ್ಟು ಹೋದಾಗ ಆಗುವ ಸಮಾಧಾನವಾಯಿತು ಅಷ್ಟೇ.

ಅದಾದ ಕೆಲವು ದಿನಕ್ಕೆ ಅಪ್ಪನ ಶಾಲೆಯ ಒಬ್ಬ ಮಾಸ್ತರರು ಅವನ ಜೊತೆಯಲ್ಲೇ ಬಸ್ಸಿಳಿದು ನಮ್ಮ ಮನೆಗೆ ಬಂದರು. ದೇಶನೂರಿನ ಕಡೆಯವರು, ದೊಡ್ಡ ಬಾಯಿಯ ಮನುಷ್ಯ. ಕಟ್ಟೆ ಹತ್ತುವ ಮೊದಲೇ ಶುರುವಾದರು.

"ಏನವ್ವಾ ಗಿರಿಜಮ್ಮ! ಅಪ್ಪ ಮಗಳು ಇಬ್ಬರೂ ಒಂದ ಸಲಕ್ಕ ಪಾಸಾದ್ರಂತಲ್ಲ! ನಿಮ್ಮಪ್ಪ ಮೊನ್ನಿ ಸಾಲಿಗೆಲ್ಲಾ ಪೇಡೆ ಹಂಚಿದ್ರು ನೋಡು!"

ನನಗೆ ಅರ್ಥವಾಗಲಿಲ್ಲ. ಅಪ್ಪ ಬೇಸಿಗೆಯಲ್ಲೇ ಪಾಸಾಗಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದುವರಿಸಿದರು.

"ಬ್ಯಾಸಗಿ ಸೂಟಿ ಮುಗಿಸಿ ಬಂದಾಗ ಕೇಳಿದ್ರ, ಈ ಸಲಾನೂ ಹೋತ್ರಪ್ಪಾ ಅಂದಿದ್ರು. ನಾವು ನಕ್ಕಿದ್ದ ನಕ್ಕಿದ್ದು. ಹೆಡ್‌ಮಾಸ್ತರಂತೂ ಮಳಿಗಾಲ ಪೂರಾ ಇವರನ್ನ ಬಿಡ್ಲಿಲ್ಲ ಬಿಡವ್ವಾ!"

ನಾನು ಅಪ್ಪನ ಕಡೆ ನೋಡಿದೆ. ಅವನು ಗೂಟಕ್ಕೆ ಅಂಗಿ ಹಾಕುತ್ತ ನನಗೆ ಬೆನ್ನು ಮಾಡಿ ನಿಂತಿದ್ದ. ತಿರುಗದೆಯೇ, "ಚಾ ಇಡು ಹೋಗವ್ವಾ, ಮಾಸ್ತರು ದಣಿದು ಬಂದಾರ" ಅಂದ.

ಒಳಗೆ ಹೋಗಿ ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪನ ಶಾಲೆಯ ಊರಿನವರು ಇವತ್ತಿಗೂ ನಾವಿಬ್ಬರೂ ಒಂದೇ ಸಲಕ್ಕೆ ಪಾಸಾದೆವು ಎಂದೇ ತಿಳಿದಿದ್ದಾರೆ. ಕೇಳಿದವರಿಗೆಲ್ಲ ನಾನೂ ಹೌದು ಅಂತಲೇ ಹೇಳುತ್ತೇನೆ.